ಹೊಸ ಮೂಗೂ ಹೊಗೆಸೊಪ್ಪೂ

ಕೊಡಗಿನ ಅರಸು ದೊಡ್ಡವೀರರಾಜೇಂದ್ರನು 1790ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡುದನ್ನು ತಾವು ಬಲ್ಲಿರಿ. ಅವನ ನೆರವಿನಿಂದಲೇ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯವು ಕೊಡಗಿನ ಘಟ್ಟಗಳನ್ನು ದಾಟಿ, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುಟ್ಟಿತು. ಅಲ್ಲಿ ಆ ಸೈನ್ಯವನ್ನು ಸೇರಿಕೊಂಡವರಲ್ಲಿ ಕಾವಸ್ಜಿ ಎಂಬ ಎತ್ತು ಹೊಡೆಯುವವನೊಬ್ಬನಿದ್ದನು. ಟಿಪ್ಪುವಿನ ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಗಿತ್ತು. ಸುಮಾರು ಒಂದು ವರ್ಷದ ತರುವಾಯ, ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗು ಕಟ್ಟಿದನು. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯು 1794ರ ಅಕ್ಟೋಬರಿನಲ್ಲಿ ಈ ವೃತ್ತಾಂತವನ್ನು ಚಿತ್ರಸಹಿತವಾಗಿ ಪ್ರಕಟಿಸಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಆ ಕ್ರಮವನ್ನು ಲಂಡನ್ನಿನಲ್ಲಿಯೂ ನಡೆಸಿದನು.

ಆ ಕ್ರಮವಾದರೂ ಎಂತಹುದು? ಹಣೆಯ ಚರ್ಮವನ್ನು ಮೂಗಿನ ಆಕಾರಕ್ಕೆ ಕೊಯ್ದು, ಹುಬ್ಬುಗಳ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸುವುದು. ಹೊಸ ನೆಲೆಯಲ್ಲಿ ಬೆಸೆಯುವವರೆಗೆ ಆ ಚರ್ಮದ ಜೀವವೆಲ್ಲವೂ ಪಟ್ಟಿಯೊಳಗೆ ಹರಿಯುವ ನೆತ್ತರಿನಲ್ಲಿ. ತುಂಬಿದ ಹೊಳೆ ಸೇತುವೆಯನ್ನು ನುಂಗಿದಾಗ ಆಚೆಯ ಊರಿಗೆ ಒದಗುವ ಪಾಡೇ, ನೆತ್ತರು ನಿಂತರೆ ಈ ಚರ್ಮಕ್ಕೂ ಒದಗುತ್ತದೆ. ಇಂದಿನ ಆಸ್ಪತ್ರೆಗಳಲ್ಲಿ ಸುಟ್ಟ ಗಾಯಕ್ಕೆ, ಅಪಘಾತದ ಗಾಯಕ್ಕೆ ಚರ್ಮ ಕೂರಿಸುವಾಗಲೂ ನಿಯಮವಿದೇ.

ಈ ನೆತ್ತರ ದಾರಿಗೆ ಅಡ್ಡ ಬರುವುದು ಹೊಗೆಸೊಪ್ಪು. ಗಾಯಕ್ಕೆ ಹೊರಗಿನಿಂದ ಧೂಪ ಹಾಕುವುದನ್ನು ಹೇಳಿದ ಸುಶ್ರುತನು ಇದನ್ನು ಕಂಡವನಲ್ಲ. ಪೋರ್ಚುಗೀಸರ ಕಾಲದಲ್ಲಿ ನಮ್ಮ ನಾಡಿಗೆ ಬಂದ ಈ ಸೊಪ್ಪನ್ನು, 17ನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗನು ವಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಒಯ್ದನು. ಇದರ ನಿಕೋಟಿನ್ ಚರ್ಮದ ಸಣ್ಣ ನಾಳಗಳನ್ನು ಬಿಗಿಯುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡು ನೆತ್ತರಿನಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿಯುತ್ತದೆ. ಮಡಿಕೇರಿಯ ಚಳಿಗೆ ಬೀಡಿ ಬೆಚ್ಚಗೆನ್ನುವವರುಂಟು. ಆದರೆ ಚಳಿಯೂ ಬೀಡಿಯೂ ಚರ್ಮದ ನಾಳಗಳಿಗೆ ಮಾಡುವುದು ಒಂದೇ ಕೆಲಸ.

2002ರಲ್ಲಿ ಡೆನ್ಮಾರ್ಕಿನ ವೈದ್ಯರು, ಸೊಂಟ ಮೊಣಕಾಲುಗಳ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಬಂದ 120 ಮಂದಿ ಧೂಮಪಾನಿಗಳನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. 6ರಿಂದ 8 ವಾರ ಮುಂಚಿತವಾಗಿ ಹೊಗೆ ಬಿಡಲು ಇಲ್ಲವೆ ಕಡಿಮೆ ಮಾಡಲು ನೆರವು ಪಡೆದವರಲ್ಲಿ ಗಾಯದ ತೊಡಕು ನೂರಕ್ಕೆ 5, ನೆರವಿಲ್ಲದವರಲ್ಲಿ 31.

ಆದುದರಿಂದ ತಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಬೀಡಿ ಸಿಗರೇಟಿನ ಅಭ್ಯಾಸವನ್ನು ವೈದ್ಯರಿಂದ ಮರೆಮಾಚಬೇಡಿರಿ. ಕಡೆಯ ಪಕ್ಷ 4 ವಾರ ಮೊದಲೇ ಬಿಡಿಸಿರಿ. ಗಾಯ ಪೂರ್ತಿ ಮಾಯುವವರೆಗೂ ಮತ್ತೆ ಹಚ್ಚಗೊಡದಿರಿ. ವೈದ್ಯನು ಚರ್ಮವನ್ನು ಹೊಲಿಯಬಲ್ಲನು. ಬೆಸೆಯುವ ನೆತ್ತರಿಗೆ ದಾರಿ ಬಿಡುವುದು ರೋಗಿಯ ಕೈಯಲ್ಲಿದೆ.