ಬ್ರಾಡ್‌ಬಾಲ್ಕ್ ಪಾಳುಭೂಮಿ

ಬ್ರಾಡ್‌ಬಾಲ್ಕ್ ಪಾಳುಭೂಮಿ : ಇಂಗ್ಲೆಂಡಿನ ಹಾರ್ಪೆಂಡನ್‌ನಲ್ಲಿರುವ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಗೋಧಿ ಹೊಲದ ಅಂಚಿನಲ್ಲಿ ತಾನಾಗಿ ಬೆಳೆದ ಕಾಡು. ಒಂದು ನೆಲದಲ್ಲಿ ಸಸ್ಯಸಮೂಹಗಳು ಒಂದರ ಬಳಿಕ ಒಂದು ನೆಲೆಗೊಳ್ಳುವ ಸಸ್ಯಾನುಕ್ರಮದ ಅತ್ಯಮೂಲ್ಯ ದಾಖಲೆಗಳಲ್ಲಿ ಒಂದು. 1882ರಲ್ಲಿ ಕೇಂದ್ರದ ಸ್ಥಾಪಕ ಜಾನ್ ಬೆನೆಟ್ ಲಾಸ್ ಇಲ್ಲಿ ಅರ್ಧ ಎಕರೆಯಷ್ಟು ಪೈರನ್ನು ಕೊಯ್ಯದೆ ಬಿಟ್ಟ. ಉದುರಿದ ಕಾಳು ಮೊಳೆತರೂ ಕಳೆಯೊಂದಿಗೆ ಸೆಣಸಲಾಗಲಿಲ್ಲ. ನಾಲ್ಕು ವರ್ಷಗಳಲ್ಲಿ ಉಳಿದದ್ದು ಗೋಧಿಯೆಂದು ಗುರುತಿಸಲೂ ಕಷ್ಟವಾದ ಕೆಲವೇ ಕುಬ್ಜ ಗಿಡಗಳು. ಸಾವಿರಾರು ವರ್ಷ ಮನುಷ್ಯ ಪೋಷಿಸಿದ ಬೆಳೆ ಅವನ ಆರೈಕೆಯಿಲ್ಲದೆ ಎಷ್ಟು ಬೇಗ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಆ ಅರ್ಧ ಎಕರೆಯಲ್ಲಿ ಪೂರ್ತಿ ಮುಟ್ಟದೆ ಬಿಟ್ಟ ಭಾಗದಲ್ಲಿ ಹಾಥಾರ್ನ್, ಆ್ಯಶ್, ಸಿಕಮೋರ್ ಮರಗಳೆದ್ದವು. ನೆರಳು ದಟ್ಟವಾದಂತೆ ನೆಲವನ್ನು ಐವಿ ಬಳ್ಳಿ ಆವರಿಸಿತು. ಇನ್ನೊಂದು ಭಾಗದಲ್ಲಿ ಮರದ ಸಸಿಗಳನ್ನು ಮಾತ್ರ ಕಿತ್ತುಹಾಕಿದ್ದರಿಂದ ಅದು ಹುಲ್ಲು, ಗಿಡಗಂಟಿಗಳ ಬಯಲಾಗಿಯೇ ಉಳಿಯಿತು. 1957ರ ಬಳಿಕ ಅದರ ಒಂದು ಪಾಲಿನಲ್ಲಿ ಕುರಿಗಳನ್ನೂ ಮೇಯಿಸಲಾಯಿತು.

ಮಣ್ಣಿನ ಕಥೆ ಇನ್ನೂ ಮಹತ್ತ್ವದ್ದು. ಉಳುಮೆ ನಿಂತಮೇಲೆ ಸಾವಯವ ಇಂಗಾಲ ದುಪ್ಪಟ್ಟಿಗೂ ಮೀರಿತು. ಹಿಂದೆ ಧಾರಾಳವಾಗಿ ಸುಣ್ಣದ ಮಣ್ಣು ಹಾಕಿದ್ದರಿಂದ ಇಲ್ಲಿನ ಮಣ್ಣು ಆಮ್ಲೀಯವಾಗಲಿಲ್ಲ. ಅದೇ ಕೇಂದ್ರದಲ್ಲಿ 1886ರಿಂದ ಪಾಳುಬಿಟ್ಟ ಗೀಸ್‌ಕ್ರಾಫ್ಟ್ ನೆಲಕ್ಕೆ ಆ ಆಸರೆಯಿರಲಿಲ್ಲ. ಅದು ತೀವ್ರ ಆಮ್ಲೀಯವಾಗಿ, ಅಲ್ಲಿ ಓಕ್ ಮರಗಳು ಪ್ರಧಾನವಾದವು. ಪಾಳುಹೊಲದಲ್ಲಿ ಯಾವ ಕಾಡು ಮರಳುತ್ತದೆಂಬುದನ್ನು ಹಿಂದಿನ ಬೇಸಾಯವೂ ನಿರ್ಧರಿಸುತ್ತದೆ.