ಕಾರಿಗೆ ಜಾಗ, ಮನೆಗೆ ಬೀಗ

ಲಾಸ್ ಏಂಜಲೀಸ್‌ನ ಸ್ಪ್ರಿಂಗ್ ಸ್ಟ್ರೀಟನ್ನು ಒಂದು ಕಾಲಕ್ಕೆ ‘ಪಶ್ಚಿಮದ ವಾಲ್ ಸ್ಟ್ರೀಟ್’ ಎನ್ನುತ್ತಿದ್ದರು. ಬ್ಯಾಂಕುಗಳು ಬೇರೆಡೆಗೆ ಹೋದ ಮೇಲೆ ಅಲ್ಲಿನ ಕಟ್ಟಡಗಳ ಮೇಲಂತಸ್ತುಗಳು ದಶಕಗಳ ಕಾಲ ಖಾಲಿ ಬಿದ್ದವು. ಅವನ್ನು ಮನೆಗಳಾಗಿಸಲು ಇದ್ದ ಅಡ್ಡಿಗಳಲ್ಲಿ ಪಾರ್ಕಿಂಗ್ ನಿಯಮ ದೊಡ್ಡದು. ಮನೆ ಕಟ್ಟಿದರೆ ಕಾರಿಗೂ ಜಾಗ ಕೊಡಬೇಕೆಂಬ ಈ ನಿಯಮ 1923ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಹುಟ್ಟಿ ಅಮೆರಿಕದ ಊರೂರಿಗೆ ಹಬ್ಬಿತ್ತು. ನಿವೇಶನದ ಅಂಚಿನವರೆಗೂ ಎದ್ದುನಿಂತ ಹಳೆಯ ಕಟ್ಟಡಗಳು ಆ ಜಾಗವನ್ನು ಎಲ್ಲಿಂದ ತರಬೇಕು?

1999ರಲ್ಲಿ ನಗರಾಡಳಿತ ಅವುಗಳ ಮೇಲಿನ ಹೊಸ ಪಾರ್ಕಿಂಗ್‌ನ ಹೊರೆ ಇಳಿಸಿತು. ಮುಂದಿನ ವರ್ಷಗಳಲ್ಲಿ ಡೌನ್‌ಟೌನ್‌ನ ಹಳೆಯ ಕಟ್ಟಡಗಳಲ್ಲಿ ಸಾವಿರಾರು ಮನೆಗಳಾದವು. ಕಾರುಗಳಿಗೆ ಆಸುಪಾಸಿನಲ್ಲೇ ಬಾಡಿಗೆ ಜಾಗ ಸಿಕ್ಕಿತು. ಆ ಮನೆಗಳ ಬಾಡಿಗೆ ಎಲ್ಲರ ಕೈಗೆಟುಕಲಿಲ್ಲ, ನಿಜ. ಆದರೆ ಕತ್ತಲಾಗಿದ್ದ ಕಿಟಕಿಗಳಲ್ಲಿ ಮತ್ತೆ ದೀಪ ಹತ್ತಿತು. ಅದಕ್ಕೆ ಆ ಕಟ್ಟಡಗಳನ್ನು ಕೆಡವಬೇಕಾಗಿರಲಿಲ್ಲ, ನಿಯಮಗಳನ್ನು ಸಡಿಲಿಸಬೇಕಾಗಿತ್ತು.