ಔಷಧದ ಕಿಟಕಿಯಿಂದ ಹಾಸಿಗೆಯ ಬಳಿಗೆ: ಆಸ್ಪತ್ರೆಯ ಫಾರ್ಮಸಿಸ್ಟರ ಹೊಸ ಹೊಣೆ

ಕುಂದಾಪುರದಿಂದ ಮುಂಬಯಿಯ ಗೋರೆಗಾಂವಿನ ಮಗನ ಮನೆಗೆ ಬಂದ ತಾಯಿಯೊಬ್ಬರು ಆಸ್ಪತ್ರೆ ಸೇರಿದರೆನ್ನೋಣ. ಕೈಚೀಲದಲ್ಲಿ ಊರಿನ ಡಾಕ್ಟರು ಕೊಟ್ಟ ಟೆಲ್ಮಾ ಇದೆ, ಇಲ್ಲಿನ ಡಾಕ್ಟರು ಬರೆದ ಟೆಲ್ಮಿಕೈಂಡ್ ಕೂಡ ಇದೆ. ಹೆಸರು ಬೇರೆಯಾದರೂ ಎರಡರೊಳಗೂ ಇರುವುದು ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ನೇ. ಎರಡನ್ನೂ ನುಂಗಿದವರಿಗೆ ಎದ್ದು ನಿಂತರೆ ತಲೆ ಸುತ್ತಬಹುದು. ಆ ತಲೆಸುತ್ತಿಗೆಂದು ಮೂರನೆಯ ಮಾತ್ರೆ ಸೇರುವ ಮೊದಲೇ ಚೀಲವನ್ನು ಹಾಸಿಗೆಯ ಮೇಲೆ ಸುರಿದು, ಒಂದೊಂದನ್ನೂ ಕೇಸ್ ಪೇಪರಿನೊಂದಿಗೆ ತಾಳೆ ನೋಡಬೇಕು. ಡಾಕ್ಟರಿಗೆ ರೌಂಡ್ಸಿನ ಅವಸರ. ಸಿಸ್ಟರಿಗೆ ಇಡೀ ವಾರ್ಡಿನ ಹೊಣೆ. ಈ ಕೆಲಸ ಫಾರ್ಮಸಿಸ್ಟರದ್ದು, ಅದೂ ರೋಗಿಯ ಮಾತಿನಲ್ಲೇ ಆಗಬೇಕಾದದ್ದು ಎಂಬುದು ಈ ಲೇಖನದ ವಾದ.

ಔಷಧದ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿ ಕಂಡಿದೆ. 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಡೈಇಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ನಿನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗದ ವಿಚಾರಣೆ ನಡೆಯಿತು. ಅಂದು ಎದ್ದ ಪ್ರಶ್ನೆ ಉಗ್ರಾಣಕ್ಕೆ ಬಂದ ಔಷಧದ ಶುದ್ಧತೆಯದು. ಶುದ್ಧ ಔಷಧವೇ ತಪ್ಪಾಗಿ ದೇಹ ಸೇರಿದರೇನು ಎಂಬುದು ಅದರ ಮುಂದಿನ ಪ್ರಶ್ನೆ.

ಇನ್ಸುಲಿನ್ನನ್ನೇ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್ಟಿನದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ಚೀಟಿಯಲ್ಲಿ ತಪ್ಪಿಲ್ಲ, ಬಾಟಲಿಯಲ್ಲೂ ತಪ್ಪಿಲ್ಲ. ಆದರೂ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಬಾಟಲಿ, ಸಿರಿಂಜು ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಬೇಕಾಗುವುದು ಇಲ್ಲಿ.

ಅಂಥ ಕಣ್ಣನ್ನು ತಯಾರು ಮಾಡುವ ಕೆಲಸದಲ್ಲಿ ಕರ್ನಾಟಕ ಮುಂದಿತ್ತು. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲೇ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ದಿತು. 2008ರಲ್ಲಿ ಫಾರ್ಮ್‌.ಡಿ. ಬಂತು: ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. 1948ರ ಫಾರ್ಮಸಿ ಕಾಯ್ದೆಯಡಿ 2015ರಲ್ಲಿ ಬಂದ ನಿಯಮಾವಳಿ ಚೀಟಿಯ ಪರಿಶೀಲನೆಯನ್ನೂ ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟರ ಕರ್ತವ್ಯವಾಗಿಸಿತು. ಓದು ಇದೆ, ನಿಯಮವೂ ಇದೆ. ಆದರೆ ರೌಂಡ್ಸಿನಲ್ಲಿ ಜೊತೆಗೆ ನಿಲ್ಲಲು ಜಾಗ, ಕೇಸ್ ಪೇಪರಿನಲ್ಲಿ ಸಹಿ ಹಾಕುವ ಅಧಿಕಾರ ಸಿಗದೆ ಹೋದರೆ ಇವರು ಮತ್ತೆ ಔಷಧದ ಕಿಟಕಿಯ ಹಿಂದೆಯೇ ಉಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ನೇರ ಅನ್ಯಾಯ, ರೋಗಿಗೇ ಆಗುವ ಅನ್ಯಾಯ.

ಗೋರೆಗಾಂವಿನಂಥ ಕಡೆ ಭಾಷೆಯದೂ ಒಂದು ತೊಡಕು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಹಿಂದಿಯಲ್ಲೋ ಮರಾಠಿಯಲ್ಲೋ. ತಾಯಿಯ ಕಿವಿಗೆ ಒಗ್ಗಿದ್ದು ಕುಂದಾಪುರದ ಕನ್ನಡ. ತಿಳಿಯದಿದ್ದರೂ ಗೌರವಕ್ಕೆಂದು ತಲೆಯಾಡಿಸುತ್ತಾರೆ. ಹಾಗಾಗಿ ಡಿಸ್ಚಾರ್ಜ್ ದಿನ "ತಿಳಿಯಿತೇ ಅಮ್ಮಾ?" ಎಂದು ಕೇಳಿದರೆ ಸಾಲದು. ಮಾತ್ರೆಗಳನ್ನು ಅವರ ಕೈಗೇ ಕೊಟ್ಟು, "ನಾಳೆ ಬೆಳಿಗ್ಗೆ ಯಾವುದು ತೆಗೆದುಕೊಳ್ಳುತ್ತೀರಿ, ತೋರಿಸಿ" ಎನ್ನಬೇಕು. ಟೆಲ್ಮಿಕೈಂಡನ್ನು ಅವರೇ ಬದಿಗಿಡುವವರೆಗೆ ಫಾರ್ಮಸಿಸ್ಟರು ಹಾಸಿಗೆಯ ಬಳಿಯಿಂದ ಏಳಬಾರದು.